ಹಿತ್ತಲದ ಶಿಕಾರಿ

ಶಿಕಾರಿ ಅಂತ ಶಿಕಾರಿ! ಸುತ್ತ ಮುಳ್ಳಿನ ಬೇಲಿ, ನಡುವ ಒಂದು ಬೇವಿನ ಗಿಡ, ಬಟ್ಟಿ ಒಗಿಯೋ ಕಲ್ಲು, ಹಗ್ಗದ ಮ್ಯಾಲ ಒಣಗ ಹಾಕಿದ ಚಾದರ. ಅದರಾಗ ಒಂದು ಟರ್ಕಿ ಕೋಳಿ. ಕರೆದ್ರ ಓಡಿ ಬಂದು ಅಂಗೈಯಾಗಿನ ಜ್ವಾಳ ತಿನ್ನೋವಂಥಾದ್ದು. ಅದನ್ನ ಹತ್ತು ಹೆಜ್ಜಿ ದೂರದಿಂದ ಹೊಡೆಸಿ, ಮಕ್ಳಿಗ ಶಿಕಾರಿ ಕಲಿಸಿದೆ ಅಂತ ಇವತ್ತಿಗೂ ಮಂದಿ ಮುಂದ ಹೇಳ್ಕೋತಾನ ನಮ್ಮ ಭಾಯಿಜಾನ್. ಎರಡು ವರ್ಷ ಆತು. ಆ ಮಾತು ಕಿವಿಗ ಬಿದ್ರ ನನಗ ಮೈ ಉರೀತದ. ಅಣ್ಣ, ದೊಡ್ಡಾಂವ, 'ಅವರು ಇವರು' ಅಂತ ಮರ್ಯಾದಿಲೆ ಹೇಳಬೇಕು. ಆದ್ರ ಈ ಒಂದು ಮಾತು ಹೇಳುವಾಗ ನನ್ನ ಬಾಯಿಗ ಆ ಮರ್ಯಾದಿ ಬರಂಗಿಲ್ಲ.

ನಾವು ಮೂವರು. ದೊಡ್ಡಕಿ ಆಪಾ, ಅಕಿನ್ನ ಕಮಲಾಪುರಕ್ಕ ಕೊಟ್ಟಾರ. ನಡುವಿನಾಂವ ಭಾಯಿಜಾನ್, ಕಲಬುರಗ್ಯಾಗ ಆಫೀಸಿನ ನೌಕರಿ. ಕಡೀಕಿ ನಾ, ಅದೇ ಊರಾಗ ಸರಕಾರಿ ಸಾಲಿ ಟೀಚರ್. ನಮ್ಮ ಮನಿ ಮಾತು ದಖನಿ ಉರ್ದು. ಇಲ್ಲಿ ಎಲ್ಲಾರ ಮಾತೂ ಕನ್ನಡದಾಗೇ ಬರದೀನಿ, ಯಾಕಂದ್ರ ನನಗ ಸಿಟ್ಟು ಬರೋದು ಕನ್ನಡದಾಗ.

ಭಾಯಿಜಾನ್‌ಗ ಮೊಬೈಲಿನ ಹುಚ್ಚು. ಯಾವುದೋ ದೇಶದ ಮಂದಿ ಎಲಿ ಚಿತ್ರದ ಅಂಗಿ ಹಾಕ್ಕೊಂಡು, ಮಕ್ಳ ಕೈಯಾಗ ಬಂದೂಕು ಕೊಟ್ಟು, ಅಡವ್ಯಾಗ ಟರ್ಕಿ ಬ್ಯಾಟಿ ಆಡೋ ವಿಡಿಯೋ ನೋಡಿ ನೋಡಿ ಅವನ ತಲ್ಯಾಗ ಹುಳ ಹೊಕ್ಕಿತು. "ನೋಡು, ಅವರು ಮಕ್ಳನ್ನ ಹ್ಯಾಂಗ ಬೆಳಸ್ತಾರ. ನಮ್ಮವು ಹಲ್ಲಿ ಕಂಡ್ರ ಚೀರ್ತಾವ" ಅಂದ. ಹೈದರಾಬಾದಿಗ ಹೋದಾಗ ಒಂದು ಏರ್‌ಗನ್ ತಂದ. ನಳಿಗಿ ಬಗ್ಗಿಸಿ ಕಡ್ಲಿಕಾಳಿಗಿಂತ ಸಣ್ಣ ಸೀಸದ ಗುಂಡು ಇಡೋದು. ಛರ್ರಾ ಅಂತಾರ ಅದಕ್ಕ. ಟೆರೇಸ್ ಮ್ಯಾಲ ಪ್ಲಾಸ್ಟಿಕ್ ಬಾಟ್ಲಿ ಸಾಲಾಗಿ ಇಟ್ಟು ತನ್ನ ಇಬ್ರು ಗಂಡುಮಕ್ಳಿಗ ಗುರಿ ಕಲಿಸಿದ. ದೊಡ್ಡಾವಗ ಹನ್ನೆರಡು, ಸಣ್ಣಾವಗ ಎಂಟು.

ನನ್ನ ಮಗಳಿಗ ಆವಾಗ ಹತ್ತು. ಅಕಿ ಟೆರೇಸಿನ ಬಾಗಲದಾಗ ನಿಂತು ನೋಡ್ತಿದ್ಳು. ನಾ ಏನು ಸುಮ್ನ ಇರೋಕಿ? "ಹುಡುಗೀಗೂ ಕೊಡ್ರಿ ಭಾಯಿಜಾನ್, ಅಕಿಗೇನು ಕೈ ಇಲ್ಲೇನು?" ಅಂತ ಜಗಳಾಡಿ ಕೊಡಿಸಿದೆ. ಮೂರೂ ಮಕ್ಳಾಗ ಗುರಿ ಛಲೋ ಇದ್ದದ್ದು ಅಕಿದೇ. ಸಾಲ್ಯಾಗ ಎಲ್ಲಾ ಟೀಚರ್‌ಗಳ ಮುಂದ ಹೇಳ್ಕೊಂಡು ಮೆರೆದೆ. ಈಗ ನೆನಸಿದ್ರ ನಾಚಿಕಿ ಬರ್ತದ.

ಬಾಟ್ಲಿ ಹೊಡೆದು ಹೊಡೆದು ಬ್ಯಾಸರ ಆದ ಮ್ಯಾಲ ಟರ್ಕಿ ಬೇಕಾತು. ಕಲಬುರಗ್ಯಾಗ ಅಡವಿ ಎಲ್ಲದ, ಟರ್ಕಿ ಎಲ್ಲವ? ಆದ್ರ ಆಪಾನ ಹಿತ್ತಲದಾಗ ಅವ. ಭಾಯಿಜಾನ್‌ಗ ಅದು ನೆನಪಾತು.

ಆ ಟರ್ಕಿ ಅಕಿ ಹ್ಯಾಂಗ ಮಾಡಿದ್ಳು ಅಂತ ಹೇಳದಿದ್ರ ನನ್ನ ಸಿಟ್ಟು ನಿಮಗ ತಿಳಿಯಂಗಿಲ್ಲ. ದೂರದ ಊರಿಂದ ತರಿಸಿದ ಟರ್ಕಿ ತತ್ತಿನ ಅಕಿ ಜವಾರಿ ಕೋಳಿ ಕೆಳಗ ಕಾವಿಗ ಇಡ್ತಿದ್ಳು. ಕೋಳಿ ತತ್ತಿ ಇಪ್ಪತ್ತೊಂದು ದಿನಕ್ಕ ಒಡೀತಾವ, ಟರ್ಕಿ ತತ್ತಿಗ ಇಪ್ಪತ್ತೆಂಟು ದಿನ ಬೇಕು. ಹಂಗಾಗಿ ಮೊದಲು ಟರ್ಕಿ ತತ್ತಿ ಇಟ್ಟು, ಒಂದು ವಾರ ಬಿಟ್ಟು ಅವುಗಳ ಬಾಜೂಕ ಎರಡು ಕೋಳಿ ತತ್ತಿ ಇಡ್ತಿದ್ಳು. ಎಲ್ಲಾ ಒಂದೇ ದಿನ ಒಡೀಬೇಕು. ಯಾಕಂದ್ರ ಟರ್ಕಿ ಮರಿ ಭಾಳ ಪೆದ್ದು. ಕಾಳು ಮುಂದ ಬಿದ್ದಿದ್ರೂ ತಿನ್ನೋದು ತಿಳಿಯದ ಹಸದು ಸಾಯ್ತಾವ. ಬಾಜೂಕ ಕೋಳಿ ಮರಿ ಇದ್ರ ಅದು ಕುಟುಕೋದು ನೋಡಿ ತಾವೂ ಕುಟುಕ್ತಾವ. ಇದನ್ನ ಅಕಿಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಎರಡು ಸಲ ಮರಿ ಎಲ್ಲಾ ಸತ್ವು, ಎರಡು ಸಲ ಅತ್ತಳು, ಮೂರನೇ ಸಲಕ್ಕ ತಾನೇ ಕಂಡುಕೊಂಡ್ಳು. ಆ ಸಲ ನಾಲ್ಕು ಉಳದ್ವು. ಮೂರು ಹೆಣ್ಣು, ಒಂದೇ ಗಂಡು.

ಆ ಗಂಡು ಹೋದ್ರ ಹಿಂಡೇ ಹೋದಂಗ. ಸುತ್ತಮುತ್ತ ಇನ್ನೊಬ್ರ ಮನ್ಯಾಗ ಟರ್ಕಿ ಇದ್ದಿದ್ದಿಲ್ಲ. ಕುತ್ತಿಗಿಗ ಕೆಂಪು ಜೋಲು, ಬಾಲ ಅಗಲ ಬಿಚ್ಚಿ ನಡದ್ರ ಊರ ಗೌಡನ ಗತ್ತು. ಅಡಗಿ ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಹಿತ್ತಲದಿಂದ ಅದು ಗುಳುಗುಳು ಅಂತ ಉತ್ತರ ಕೊಡ್ತಿತ್ತು. ಪ್ರತಿ ಸೀಟಿಗೂ ಒಂದು. "ಬ್ಯಾಳಿ ಬೆಂದದ್ದು ನನಗಿಂತ ಮೊದಲು ಅದಕ್ಕ ಗೊತ್ತಾಗ್ತದ" ಅಂತ ಆಪಾ ನಗ್ತಿದ್ಳು.

ಇನ್ನೊಂದು ಮಾತು. ಆಪಾ ಹದಿನೆಂಟಕ್ಕ ಆ ಮನಿ ಹೊಕ್ಕಾಕಿ. ಏನು ಅಡಗಿ, ಮಕ್ಳು ಯಾವ ಸಾಲಿ, ಗ್ವಾಡಿಗ ಯಾವ ಬಣ್ಣ, ಒಂದೂ ಅಕಿನ್ನ ಕೇಳಿ ಆಗಿದ್ದಿಲ್ಲ. ಆ ಹಿತ್ತಲ ಒಂದು ಅಕಿದು. ಅಲ್ಲಿ ಮಾತ್ರ ಅಕಿ ಹೂಂ ಅಂದ್ರ ಹೂಂ, ಊಂಹೂಂ ಅಂದ್ರ ಊಂಹೂಂ.

ಆ ಐತವಾರ ಭಾಯಿಜಾನ್‌ನ ಗಾಡ್ಯಾಗ ಹೊಂಟ್ವಿ. ಭಾಯಿಜಾನ್, ಅವನ ಇಬ್ರು ಹುಡುಗ್ರು, ನಾನು, ನನ್ನ ಮಗಳು. ಮಕ್ಳ ತಲಿ ಮ್ಯಾಲ ಎಲಿ ಚಿತ್ರದ ಟೊಪಗಿ! ಕಪನೂರ ದಾಟಿ ಮಹಾಗಾಂವ ಕ್ರಾಸ್ ಬರೋತನಕ ಅವರ ಬಾಯಾಗ ಅದೇ ಮಾತು: ಯಾರು ಮೊದಲು ಹೊಡೀಬೇಕು, ತಲಿಗೋ ಎದಿಗೋ. ನನ್ನ ತೊಡಿ ಮ್ಯಾಲ ಸ್ಟೀಲಿನ ಡಬ್ಬಿ, ಅದರಾಗ ಆಪಾಗ ಗಜ್ಜರಿ ಹಲ್ವಾ. ಈ ಡಬ್ಬಿ ವರ್ಷಾನುಗಟ್ಲೆ ನಮ್ಮಿಬ್ರ ನಡುವ ಓಡಾಡ್ಯದ. ಬಂದ ಡಬ್ಬಿನ ಖಾಲಿ ತಿರುಗಿ ಕಳಸಬಾರದು, ಅದು ನಮ್ಮಮ್ಮ ಕಲಿಸಿದ್ದು. ಆಪಾ ಅದನ್ನ ಒಂದು ಸಲನೂ ತಪ್ಪಿಸಿದಾಕಿ ಅಲ್ಲ. ಒಮ್ಮೆ ತೊಗರಿಬ್ಯಾಳಿ, ಒಮ್ಮೆ ಕಮಲಾಪುರದ ಕೆಂಪು ಬಾಳಿಹಣ್ಣು, ಒಮ್ಮೆ ತೌಡಿನಾಗ ಹೂತಿಟ್ಟ ಎರಡು ಟರ್ಕಿ ತತ್ತಿ. ಅಕಿ ಅತ್ತಿ ತೀರಿಕೊಂಡ ವಾರದಾಗೂ ಒಂದು ಹಿಡಿ ಸಕ್ಕರಿ ಹಾಕಿ ಕಳಿಸಿದ್ಳು.

ಬಾಗಲದಾಗೇ ಏರ್‌ಗನ್ ಕಂಡು ಆಪಾ "ಇದೇನೋ?" ಅಂದ್ಳು. ಭಾಯಿಜಾನ್ ಹೇಳಿದ. ಚ್ಯಾಷ್ಟಿ ಅಂದ್ಕೊಂಡು ಅಕಿ ನಕ್ಕಳು. ಅಂವ ನಗಲಿಲ್ಲ. ಅಕಿ ಮಾರಿ ಇಳೀತು.

"ಬ್ಯಾಡ" ಅಂದ್ಳು. "ಅದೊಂದೇ ಗಂಡು ಅದ. ಜವಾರಿ ಕೋಳಿ ಎರಡು ಕೊಯ್ಸೂಣು, ಮಕ್ಳಿಗ ಬಿರಿಯಾನಿ ಮಾಡ್ತೀನಿ."

"ತಿನ್ನೋ ಮಾತಲ್ಲ ಆಪಾ. ಮಕ್ಳು ಶಿಕಾರಿ ಕಲೀಬೇಕು."

"ಹಂಗಾದ್ರ ಅಡವಿಗ ಹೋಗು. ಬ್ಯಾಡ ಅಂದೆ ನಾ. ಇದು ನನ್ನ ಹಿತ್ತಲ."

ಅಕಿ ಗಂಡ, ನಮ್ಮ ದುಲ್ಹಾಭಾಯಿ, ಕುರ್ಚಿ ಮ್ಯಾಲ ಕುಂತು ಚಾ ಕುಡೀತಿದ್ರು. "ಅರೇ, ತಗೋರಿ ತಗೋರಿ! ಮನಿಗ ಬಂದ ಮೆಹಮಾನ್ ಒಂದು ಕೋಳಿ ಕೇಳಿದ್ರ ಇಲ್ಲ ಅಂತೀವೇನು?" ಅಂದ್ರು. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರಿ! ಆ ಮನುಷ್ಯಾ ಒಂದು ದಿನ ಆ ಹಕ್ಕಿಗ ಒಂದು ಹಿಡಿ ಕಾಳು ಹಾಕಿದಾಂವ ಅಲ್ಲ, ನೀರು ಇಟ್ಟಾಂವ ಅಲ್ಲ. ಕೊಡೋದಕ್ಕ ಮಾತ್ರ ಮುಂದ.

"ಬ್ಯಾಡ್ರಿ" ಅಂದ್ಳು ಆಪಾ. ಮೂರನೇ ಸಲ. ಅಂದು ನನ್ನ ಕಡೆ ನೋಡಿದ್ಳು.

ನಾ ಏನಂದೆ? "ಬಿಡು ಆಪಾ, ಹೋಗ್ಲಿ. ಮಕ್ಳು ಆಸೆ ಪಟ್ಟು ಬಂದಾವ" ಅಂದೆ.

ಆಪಾ ಅಡಗಿ ಮನಿಗ ಹೋಗಿ ಹಿಟ್ಟು ನಾದಾಕ ಕುಂತಳು. ದೊಡ್ಡ ಹುಡುಗ ನನ್ನ ಹತ್ರ ಓಡಿ ಬಂದ: "ಫುಪ್ಪು, ಜ್ವಾಳ ಕೊಡ್ರಿ, ಅದು ಒಂದು ಕಡೆ ನಿಲ್ಲವಲ್ದು." ನಾನೇ ಡಬರಿಗ ಕೈ ಹಾಕಿ ಒಂದು ವಾಟಿ ಜ್ವಾಳ ಕೊಟ್ಟೆ. ಆಪಾನ ಕಣ್ಣ ಮುಂದನ ಕೊಟ್ಟೆ. ಅದೂ ಸಾಲದಂತ ಹಿತ್ತಲಕ್ಕ ಹೋಗಿ, "ಮೊದಲು ಹುಡುಗಿ" ಅಂತ ವಾದ ಮಾಡಿ ಏರ್‌ಗನ್ ನನ್ನ ಮಗಳ ಕೈಯಾಗ ಕೊಡಿಸಿದೆ.

ಜ್ವಾಳ ಚೆಲ್ಲಿದ್ರು. ಹಕ್ಕಿ ಬಂತು. ಕರೆದ್ರಂತ ಬಂತು. ತಲಿ ಬಗ್ಗಿಸಿ ತಿನ್ನಾಕತ್ತು. ನನ್ನ ಮಗಳು ಉಸಿರು ಹಿಡದು ಹೊಡದ್ಳು. ಟಪ್ ಅಂತು. ಅಷ್ಟೇ ಸಪ್ಪಳ. ಹಕ್ಕಿ ಬೀಳಲಿಲ್ಲ. ಒಂದು ರೆಕ್ಕಿ ಜೋತು ಬಿತ್ತು. ಹೆದರಿ ಓಡಬೇಕಲ್ಲ? ಇಲ್ಲ. ಮೈ ಉಬ್ಬಿಸಿ, ಬಾಲ ಬಿಚ್ಚಿ, ಗುಳುಗುಳು ಅಂತ ಅಡಗಿ ಮನಿ ಬಾಗಲದ ಕಡೆ ನಡೀತು. ಆಪಾನ ಕಡೆ.

"ಹೊಡಿ, ಹೊಡಿ!" ಅಂತ ಚೀರಿದ ಭಾಯಿಜಾನ್. ದೊಡ್ಡ ಹುಡುಗ ಹೊಡದ. ಕಾಲಿಗ ಬಿತ್ತು. ಸಣ್ಣಾಂವ ಹೊಡದ, ಗ್ವಾಡಿಗ ಬಿತ್ತು. ಮತ್ತ ದೊಡ್ಡಾಂವ. ಗುಬ್ಬಿ ಹೊಡಿಯೋ ಛರ್ರಾಕ್ಕ ಅಂಥಾ ದೊಡ್ಡ ಹಕ್ಕಿ ಸಾಯ್ತದೇನು? ಅದು ಕುಂಟಿಕೋತ ಬಟ್ಟಿ ಒಗಿಯೋ ಕಲ್ಲಿನ ಸಂದ್ಯಾಗ ಹೊಕ್ಕು ಬಾಯಿ ತೆರಕೊಂಡು ಕುಂತಿತು. ಸಣ್ಣ ಹುಡುಗ ಟೊಪಗಿ ಒಗದು ಹೋ ಅಂತ ಅಳಾಕತ್ತ. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು. ಬೆಕ್ಕಿಗ ಚೆಲ್ಲಾಟ, ಇಲಿಗ ಪ್ರಾಣಸಂಕಟ ಅಂತ ಎಷ್ಟು ಸಲ ಪಾಠ ಮಾಡೀನಿ ನಾನು! ಅವತ್ತು ಕಣ್ಣಿಲೆ ನೋಡಿದೆ.

ಈಗ ಭಾಯಿಜಾನ್‌ಗ ಬ್ಯಾರೆ ಚಿಂತಿ ಹತ್ತಿತು. ಜೀವ ಹೋಗೋದ್ರಾಗ ಹಕ್ಕಿನ ಜಿಬಾ ಮಾಡಬೇಕು, ಅಂದ್ರ ದೇವರ ಹೆಸರು ತಗೊಂಡು ಕುತ್ತಿಗಿ ಕೊಯ್ಯಬೇಕು. ಹಂಗ ಸತ್ರ ಅದು ಮುರ್ದಾರ್, ನಾವು ತಿನ್ನೋ ಹಂಗಿಲ್ಲ. ಮಾಡೋರು ಯಾರು? ಶಿಕಾರಿ ಕಲಿಸಾಕ ಬಂದಾವನ ಹತ್ರ ಛುರಿ ಇಲ್ಲ! ಹುಟ್ಟಿದಾಗಿಂದ ಕೋಳಿನ ಅಂಗಡ್ಯಾಗ ಕೊಯ್ಸಿ, ಪಿಶವ್ಯಾಗ ತಂದಾಂವ. ದುಲ್ಹಾಭಾಯಿಗ ರಕ್ತ ಕಂಡ್ರ ತಲಿ ತಿರುಗ್ತದ. "ನಾ ಅಂಗಡಿಯಾವನ್ನ ಕರ್ಕೊಂಡು ಬರ್ತೀನಿ" ಅಂತ ಬೈಕ್ ಹತ್ತಿ ಓಡಿದ್ರು. ಭಾಯಿಜಾನ್ ಮತ್ತ ಏರ್‌ಗನ್ ತುಂಬಾಕ ನಿಂತ. ಛರ್ರಾ ಕೆಳಗ ಬೀಳಾಕತ್ತಿದ್ವು. "ಭಾಯಿಜಾನ್, ಸಾಕು ಮಾಡ್ರಿ!" ಅಂತ ಆವಾಗ ನನ್ನ ಬಾಯಿ ತೆರೀತು. ತೆರಿಬೇಕಾದಾಗ ತೆರೀದ ಬಾಯಿ.

ಆಪಾ ಹೊರಗ ಬಂದ್ಳು. ಹಿಟ್ಟಿನ ಕೈ ತೊಳಕೊಂಡು, ಒಂದು ಕೈಯಾಗ ನೀರಿನ ಲೋಟಾ, ಇನ್ನೊಂದರಾಗ ಛುರಿ. ಯಾರನ್ನೂ ಬೈಯಲಿಲ್ಲ. ಕಲ್ಲಿನ ಹತ್ರ ಕುಂತು "ಬಾ ಬಾ" ಅಂದ್ಳು, ದಿನಾ ಕರೆಯೋ ಹಂಗ. ಯಾ ಅಲ್ಲಾ, ಅದು ಬಂತು! ತೆವಳಿಕೋತ ಬಂತು. ಅಕಿ ಅದರ ಬಾಯಿಗ ನೀರು ಬಿಟ್ಟಳು. ಎರಡು ಗುಟುಕು ಕುಡೀತು. ಆಮ್ಯಾಲ ನನಗ "ಹಿಡಿ" ಅಂದ್ಳು. ನಾ ರೆಕ್ಕಿ ಕೂಡಿಸಿ ಹಿಡದೆ. ಅದರ ಎದಿ ನನ್ನ ಅಂಗೈಯಾಗ ಡವಡವ ಬಡೀತಿತ್ತು. ಆಪಾ ಅದರ ಮಾರಿ ಕಿಬ್ಲಾದ ಕಡೆ, ನಮಾಜಿನ ದಿಕ್ಕಿಗ ತಿರುಗಿಸಿ, ಅಲ್ಲಾನ ಹೆಸರು ಹೇಳಿ ಒಂದೇ ಏಟಿಗ ಮುಗಿಸಿದ್ಳು. ಮುಗಿಸಿ ಅದು ಅಲುಗಾಡೋದು ನಿಲ್ಲೋತನಕ ಅದರ ಬೆನ್ನ ಮ್ಯಾಲ ಕೈ ಇಟ್ಕೊಂಡೇ ಕುಂತಳು.

ಇಷ್ಟಕ್ಕ ಮುಗಿದಿದ್ರ ನಾ ಇದನ್ನ ಬರೀತಿದ್ದಿಲ್ಲೇನೋ. ದುಲ್ಹಾಭಾಯಿ ಕೋಳಿ ಅಂಗಡಿಯಾವನ್ನ ಕರ್ಕೊಂಡು ಬಂದ್ರು. ಹಿತ್ತಲದಾಗ ರಕ್ತ, ಆಪಾನ ಕೈಯಾಗ ಛುರಿ. ನೋಡಿ ಮಾರಿ ಸಣ್ಣ ಮಾಡಿ ಭಾಯಿಜಾನ್‌ನ ಕಿವ್ಯಾಗ ಅಂದ್ರು: "ಹೆಂಗಸ್ರು ಮಾಡಿದ ಜಿಬಾ ನಡೀತದೇನು?"

ಕೇಳಿದ್ರೇನು? ಮೂರು ಮಕ್ಳು ಸುತ್ತ ನಿಂತು ಸಾಕಿದ ಹಕ್ಕಿನ ಜೀವಂತ ಜಾಳಿಗಿ ಮಾಡುವಾಗ ಯಾರಿಗೂ ಅನುಮಾನ ಬರಲಿಲ್ಲ. ಅದರ ಸಂಕಟ ಮುಗಿಸಿದ ಕೈ ಹೆಂಗಸಿನ ಕೈ ಆತು ನೋಡ್ರಿ, ಇಬ್ರಿಗೂ ಧರ್ಮ ನೆನಪಾತು! ನಮ್ಮ ಕಡೆ ಈ ತಪ್ಪು ತಿಳುವಳಿಕಿ ಭಾಳ ಮಂದ್ಯಾಗ ಅದ, ಕಿತಾಬಿನಾಗ ಇಲ್ಲದ್ದು. ನನ್ನ ನೆತ್ತಿ ಸುಟ್ಟಂಗಾತು. ಬಾಯಿಗ ಬಂದದ್ದು ಅಂದೆ. ಏನಂದೆ ಅನ್ನೋದು ಇಲ್ಲಿ ಬರಿಯೋ ಹಂಗಿಲ್ಲ. ಅಂಗಡಿಯಾಂವ ತಲಿ ಕೆಳಗ ಹಾಕಿ ನಿಂತ.

ಭಾಯಿಜಾನ್ ತನ್ನ ಓಣಿ ಮಸೂದಿಯ ಮೌಲಾನಾ ಅವರಿಗ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಅವರು ವಯಸ್ಸಾದವರು. ಸಾವಕಾಶ ಕೇಳಿಕೊಂಡು, "ಹೆಂಗಸಿನ ಕೈ ಆದ್ರೇನು, ಗಂಡಸಿನ ಕೈ ಆದ್ರೇನು? ಜಿಬಾ ದುರಸ್ತ, ಸರಿ ಅದ. ಮಾಂಸ ಹಲಾಲ್. ಬ್ಯಾರೆ ಏನಾರ ಕೇಳೋದದ ಏನು?" ಅಂದ್ರು.

"ಏನಿಲ್ಲ ಹಜರತ್" ಅಂದ ಭಾಯಿಜಾನ್. ಅವನ ಮಾರಿ ಮ್ಯಾಲ ಆವಾಗಲೇ ಬಿರಿಯಾನಿ ಕಂಡ ಬೆಳಕು.

"ನಂದೊಂದು ಅದ ಹಜರತ್" ಅಂದ್ಳು ಆಪಾ. ಕುಂತಲ್ಲಿಂದಲೇ ಅಂದ್ಳು. "ಹಕ್ಕಿ ಸಾಕಿದಾಕಿ ಮೂರು ಸಲ ಬ್ಯಾಡ ಅಂದ ಮ್ಯಾಲ ತಗೊಂಡದ್ದು. ತಗೊಂಡವರಿಗ ಅದು ಹಲಾಲೇನು?"

ಫೋನಿನಾಗ ಮೌಲಾನಾ ಅಂದ್ರು: "ಸಾಕಿದಾಕಿ ಖುಷಿಲೆ ಕೊಟ್ರ ಹಲಾಲ್, ಮಗಳೇ. ಕೊಡದಿದ್ರ ಒಂದು ತುತ್ತೂ ಅಲ್ಲ."

"ಬಸ್, ಸಾಕು" ಅಂದ್ಳು ಆಪಾ.

ಅಂಗಡಿಯಾವಗ ಹೇಳಿ ಹಕ್ಕಿನ ಸಾಫ್ ಮಾಡಿಸಿ, ತುಂಡು ಮಾಡಿಸಿ, ಅವನ ಪಾಲು ಅವನಿಗ ಕೊಟ್ಟಳು. ಉಳದದ್ದು ಓಣ್ಯಾಗಿನ ಏಳು ಮನಿಗ ಪಾಲು ಹಾಕಿದ್ಳು. ತಾಟು ಹೊತ್ತವರು ಮೂರು ಮಕ್ಳು. ಹೋಗಿ ಬಂದು, ಹೋಗಿ ಬಂದು ಅವುಗಳ ಮಾರಿ ನೋಡಬೇಕಿತ್ತು ನೀವು. ದುಲ್ಹಾಭಾಯಿ "ಅರೇ, ಮನಿಗ ಬಂದವರಿಗಾದ್ರೂ..." ಅಂದ್ರು. ಆಪಾ ಕೇಳಿಸಿಕೊಳ್ಳದಂಗ ಕೊನೀ ತಾಟಿನ ಮ್ಯಾಲ ವಸ್ತ್ರ ಮುಚ್ಚಿದ್ಳು. ಅಕಿ ತಾನೂ ಒಂದು ತುಂಡು ಇಟ್ಕೊಳ್ಳಲಿಲ್ಲ.

ನಮಗ ರೊಟ್ಟಿ, ಬ್ಯಾಳಿ. ಒಲಿ ಮ್ಯಾಲ ಕುಕ್ಕರ್ ಮೂರು ಸೀಟಿ ಹೊಡೀತು. ಮೂರು ಸಲಾನೂ ಎಲ್ಲಾರೂ ಹಿತ್ತಲದ ಕಡೆ ನೋಡಿದ್ವಿ.

ಹೊಂಡುವಾಗ ಆಪಾ ಮಕ್ಳ ತಲಿ ಸವರಿದ್ಳು. ನನ್ನ ಮಗಳ ಗಲ್ಲ ಹಿಡದು ಮುತ್ತು ಕೊಟ್ಟಳು. ನನ್ನ ಕೈಯಾಗ ಡಬ್ಬಿ ಇಟ್ಟು "ಸಾವಕಾಶ ಹೋಗ್ರಿ" ಅಂದ್ಳು.

ಗಾಡಿ ಹೊಂಟಿದ್ದೇ ತಡ, ನಾ ಭಾಯಿಜಾನ್‌ನ ಮ್ಯಾಲ ಬಿದ್ದೆ. "ನಾಚಿಕಿ ಬರಂಗಿಲ್ಲೇನು ನಿಮಗ? ಅಕಿ ಮೂರು ಸಲ ಬ್ಯಾಡ ಅಂದ್ಳು. ಕಿವಿ ಏನು ಕಲಬುರಗ್ಯಾಗ ಬಿಟ್ಟು ಬಂದಿದ್ರೇನು?" ಅಂದೆ. ದುಲ್ಹಾಭಾಯಿಗೂ ಬೈದೆ, ವಿಡಿಯೋ ಮಾಡೋ ಮಂದಿಗೂ ಬೈದೆ, ಆ ಟೊಪಗಿ ಹೊಲದಾವಗೂ ಬೈದೆ. ಅಂವ ಸ್ಟೀರಿಂಗ್ ಹಿಡಕೊಂಡು ಕೇಳಿದ. ಮಹಾಗಾಂವ ಕ್ರಾಸ್ ತನಕ ನನ್ನ ನಾಲಿಗಿ ನಿಲ್ಲಲಿಲ್ಲ. ಬೈದು ಬೈದು ನನಗ ಹಗುರ ಅನಿಸಿತ್ತು. ನ್ಯಾಯ ನನ್ನ ಕಡೆ ಅದ ಅಂತ ಕುಂತಿದ್ದೆ.

ಮಗಳಿಗ ಹಸಿವಾಗಿತ್ತು. ಖಾಲಾ, ಅಂದ್ರ ದೊಡ್ಡಮ್ಮ, ಬಾಳಿಹಣ್ಣು ಇಟ್ಟಿರ್ತಾಳ ಅಂತ ನನ್ನ ತೊಡಿ ಮ್ಯಾಲಿನ ಡಬ್ಬಿ ತಗೊಂಡು ಮುಚ್ಚಳ ತೆಗದ್ಳು.

ತಿಕ್ಕಿ, ತೊಳದು, ಒಣ ಅರಬಿಲೆ ಒರಸಿದ ಡಬ್ಬಿ. ಒಳಗ ಏನೂ ಇಲ್ಲ. ಒಂದು ಕಾಳು ಸಕ್ಕರಿ ಇಲ್ಲ.

"ಖಾಲಾ ಮರತಾಳೇನು ಅಮ್ಮಿ?"

"ಮರತಿಲ್ಲ" ಅಂದೆ.

"ಮತ್ತ?"

ಸುಳ್ಳು ಹೇಳಬಹುದಿತ್ತು. ಆದ್ರ ಆ ಡಬ್ಬಿ ಮುಂದ ಸುಳ್ಳು ಬಾಯಿಗ ಬರಲಿಲ್ಲ. ಅಕಿ ನನ್ನ ಕಡೆ ನೋಡಿದ್ದು, ನಾ 'ಬಿಡು ಆಪಾ' ಅಂದದ್ದು, ಆಮ್ಯಾಲ ನನ್ನ ಕೈಲೆ ಜ್ವಾಳ ಕೊಟ್ಟದ್ದು, ಎಲ್ಲಾ ಹೇಳಿದೆ. ಭಾಯಿಜಾನ್‌ಗೂ ಕೇಳಸ್ತಿತ್ತು, ಕೇಳಲಿ ಅಂತ ಹೇಳಿದೆ. ಮಗಳು ಡಬ್ಬಿ ಒ‌ಳಗ ಮತ್ತೊಮ್ಮೆ ನೋಡಿ ಮುಚ್ಚಳ ಹಾಕಿದ್ಳು.

"ನಾ ಅಂದ್ಕೊಂಡಿದ್ದೆ ಮೊದಲು ಹೊಡದಾಕಿ ನಾನು ಅಂತ" ಅಂದ್ಳು. "ಮೊದಲು ಹೊಡದಾಕಿ ನೀ, ಅಮ್ಮಿ."

ಹೌದು ಅಂದೆ.